ವೇಗಮಿತಿ ಮೀರಿದರೆ ಲೈಸೆನ್ಸ್ ಅಮಾನತು: ಪ್ರಶ್ನಿಸುವ ದಾರಿ ಯಾವುದು?

ಬೆಂಗಳೂರು: ಅತಿವೇಗದ ಚಾಲನೆಗೆ ದಂಡ ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯಿತು ಎಂಬ ನಂಬಿಕೆ ವಾಹನ ಚಾಲಕರಲ್ಲಿ ಬಲವಾಗಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ (ತಿದ್ದುಪಡಿ) ಕಾಯ್ದೆ ಮಾತ್ರ ಹಾಗೆ ಹೇಳುವುದಿಲ್ಲ. ದಂಡದ ಜತೆಗೆ ಚಾಲನಾ ಪರವಾನಗಿಯನ್ನೂ ಮೂರು ತಿಂಗಳ ಕಾಲ ಕಳೆದುಕೊಳ್ಳಬೇಕಾಗಿ ಬರಬಹುದು. ಸ್ವಂತ ಕಾರು ಉಳ್ಳವರಿಗೆ ಇದು ಅನನುಕೂಲದ ಮಾತು. ಟ್ಯಾಕ್ಸಿ, ಲಾರಿ ಓಡಿಸಿ ಬದುಕುವವರಿಗೆ ಮೂರು ತಿಂಗಳ ಅನ್ನದ ಪ್ರಶ್ನೆ. ಇಂತಹ ಆದೇಶ ಹೊರಡಿಸುವ ಅಧಿಕಾರ ಯಾರಿಗಿದೆ? ಅದನ್ನು ಪ್ರಶ್ನಿಸುವುದು ಹೇಗೆ?

ಬಿಗಿಯಾದ ನಿಯಮ

ಅತಿವೇಗಕ್ಕೆ ಲೈಸೆನ್ಸ್ ಅಮಾನತು ಮಾಡುವ ಕ್ರಮಕ್ಕೆ ಬಿರುಸು ಬಂದದ್ದು 2015ರಲ್ಲಿ. ಸುಪ್ರೀಂ ಕೋರ್ಟ್ ನೇಮಿಸಿದ್ದ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿಯು ಆ ವರ್ಷದ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಸೂಚನೆ ನೀಡಿತು. ಅತಿವೇಗ, ಕೆಂಪು ದೀಪ ಉಲ್ಲಂಘನೆ, ಕುಡಿದು ಚಾಲನೆ, ಚಾಲನೆ ವೇಳೆ ಮೊಬೈಲ್ ಬಳಕೆ ಮುಂತಾದ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತಿನಲ್ಲಿಡಬೇಕೆಂಬುದು ಆ ಸೂಚನೆಯ ತಿರುಳು.

2019ರ ತಿದ್ದುಪಡಿ ಇದಕ್ಕೆ ಕಾನೂನಿನ ಬಲ ನೀಡಿತು. ಕಾಯ್ದೆಯ 183ನೇ ಕಲಂ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡ ಗೊತ್ತುಪಡಿಸಿತು. ಸಾರ್ವಜನಿಕರ ವಿರೋಧದ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತು. ಆದರೆ ಇಳಿದದ್ದು ಹಣದ ಮೊತ್ತ ಮಾತ್ರ. ಲೈಸೆನ್ಸ್ ಮೇಲಿನ ಕ್ರಮ ಹಾಗೆಯೇ ಉಳಿಯಿತು.

ದಂಡ ಪಾವತಿಯೂ ಚಾಲಕನನ್ನು ಪೂರ್ತಿ ಪಾರು ಮಾಡುವುದಿಲ್ಲ. ದಂಡ ಕಟ್ಟಿ ರಾಜಿಯಾದ ಪ್ರಕರಣವನ್ನೂ 'ಹಿಂದಿನ ತಪ್ಪು' ಎಂದೇ ಎಣಿಸಬೇಕು, ಲೈಸೆನ್ಸ್ ಕುರಿತ ವಿಚಾರಣೆಗೆ ಅದು ಅಡ್ಡಿಯಾಗದು ಎಂದು 200ನೇ ಕಲಂ ಸ್ಪಷ್ಟಪಡಿಸುತ್ತದೆ. ರಾಜ್ಯದಲ್ಲಿ 2023 ಮತ್ತು 2025ರಲ್ಲಿ ಶೇ 50ರ ರಿಯಾಯಿತಿ ಸಿಕ್ಕಾಗ ಸಾಲುಗಟ್ಟಿ ಬಾಕಿ ತೀರಿಸಿದವರು ಇದನ್ನು ಗಮನಿಸಬೇಕು.

ಪೊಲೀಸರ ಅಧಿಕಾರ ಎಷ್ಟು?

ಅತಿವೇಗದ ತಪ್ಪು ನಡೆದಿದೆ ಎಂದು ನಂಬಲು ಕಾರಣವಿದ್ದರೆ 206(4)ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಲೈಸೆನ್ಸ್ ವಶಪಡಿಸಿಕೊಂಡು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒ ಕಚೇರಿಗೆ, ಕಳುಹಿಸಬಹುದು. ಚಾಲಕನಿಗೆ ತಾತ್ಕಾಲಿಕ ರಸೀದಿ ಕೊಡಬೇಕು. ಆ ರಸೀದಿ ತೋರಿಸಿ ವಾಹನ ಓಡಿಸುವಂತಿಲ್ಲ.

ಪೊಲೀಸರ ಅಧಿಕಾರ ಇಲ್ಲಿಗೆ ಮುಗಿಯುತ್ತದೆ. ಅಮಾನತು ಮಾಡುವ ಅಧಿಕಾರ ಅವರಿಗಿಲ್ಲ. ಅತಿವೇಗದ ಆರೋಪದ ಮೇಲೆ ಮಹಿಳೆಯೊಬ್ಬರ ಲೈಸೆನ್ಸನ್ನು ಸಂಚಾರ ಪೊಲೀಸ್ ಅಧಿಕಾರಿಯೇ ಅಮಾನತು ಮಾಡಿದ್ದ ಪ್ರಕರಣದಲ್ಲಿ ಕಲ್ಕತ್ತ ಹೈಕೋರ್ಟ್ 2022ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಕಾಯ್ದೆ ಈ ಅಧಿಕಾರವನ್ನು ಪರವಾನಗಿ ಪ್ರಾಧಿಕಾರಕ್ಕೆ ಮಾತ್ರ ನೀಡಿದೆ ಎಂಬುದು ನ್ಯಾಯಾಲಯದ ನಿಲುವು.

ಆರ್‌ಟಿಒ ಕೂಡ ಏಕಾಏಕಿ ಆದೇಶ ಹೊರಡಿಸುವಂತಿಲ್ಲ. 19ನೇ ಕಲಂ ಪ್ರಕಾರ ಮೊದಲು ಚಾಲಕನ ಅಹವಾಲು ಆಲಿಸಬೇಕು. ಬಳಿಕ ಆತನನ್ನು ಕ್ರಮದಿಂದ ಬಿಡುಗಡೆ ಮಾಡಬಹುದು ಅಥವಾ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೇ ತಪ್ಪಿಗೆ ಲೈಸೆನ್ಸ್ ರದ್ದತಿಯ ಆದೇಶ ನೀಡಬಹುದು. ನೋಟಿಸ್ ಇಲ್ಲದ, ಕಾರಣ ಬರೆಯದ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.

ವಾದದ ಅಂಶಗಳು

ಕಣ್ಣಂದಾಜಿನ ಸಾಕ್ಷ್ಯ ಸಾಲದು: ವಾಹನ ವೇಗವಾಗಿತ್ತು ಎಂಬ ಒಬ್ಬ ಸಾಕ್ಷಿಯ ಅಭಿಪ್ರಾಯವೊಂದನ್ನೇ ಆಧರಿಸಿ ಶಿಕ್ಷೆ ವಿಧಿಸುವಂತಿಲ್ಲ. ಅದಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆಯ ಆಧಾರ ಇರಬೇಕೆಂದು 183(3)ನೇ ಕಲಂ ಹೇಳುತ್ತದೆ.

ಕ್ಯಾಮೆರಾಗೂ ಪ್ರಮಾಣಪತ್ರ: 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ನಿಯಮ ಸೇರಿತು. ಅದರಂತೆ ವೇಗ ಅಳೆಯುವ ಉಪಕರಣಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಅನುಮೋದನಾ ಪತ್ರ ಇರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು. ಕ್ಯಾಮೆರಾ ನಿಗಾ ಇರುವ ರಸ್ತೆಯಲ್ಲಿ ಮುಂಚಿತವಾಗಿ ಎಚ್ಚರಿಕೆ ಫಲಕ ಇರಬೇಕು. ಚಿತ್ರ, ಅಳತೆ, ಸ್ಥಳ, ದಿನಾಂಕ, ಸಮಯ ನೋಟಿಸಿನಲ್ಲಿ ಇರಬೇಕು.

ಮೊದಲ ತಪ್ಪೇ, ಎರಡನೆಯದೇ: 183ನೇ ಕಲಂ ಎರಡನೇ ಹಾಗೂ ನಂತರದ ತಪ್ಪಿಗೆ ಲೈಸೆನ್ಸ್ ವಶದ ಮಾತಾಡಿದರೆ, 206(4)ನೇ ಕಲಂ ಅಂತಹ ಭೇದ ಮಾಡುವುದಿಲ್ಲ. ಮೊದಲ ಬಾರಿಗೆ ಸಿಕ್ಕಿಬಿದ್ದವರು ಈ ವ್ಯತ್ಯಾಸವನ್ನು ವಾದವಾಗಿ ಮುಂದಿಡಬಹುದು.

ಓಡಿಸಿದ್ದು ಯಾರು: ಕ್ಯಾಮೆರಾ ದಾಖಲಿಸುವುದು ವಾಹನದ ಸಂಖ್ಯೆ. ಅಮಾನತಾಗುವುದು ವ್ಯಕ್ತಿಯ ಲೈಸೆನ್ಸ್. ಮಾಲೀಕನ ಬದಲು ಬೇರೆಯವರು ಓಡಿಸುತ್ತಿದ್ದರೆ ಅದನ್ನು ವಿಚಾರಣೆ ವೇಳೆಯೇ ದಾಖಲೆ ಸಮೇತ ತಿಳಿಸುವುದು ಒಳಿತು.

30 ದಿನಗಳ ಗಡುವು

ಆರ್‌ಟಿಒ ಆದೇಶ ಕೈಸೇರಿದ 30 ದಿನಗಳೊಳಗೆ ನಿಗದಿತ ಮೇಲ್ಮನವಿ ಪ್ರಾಧಿಕಾರದ ಮೊರೆ ಹೋಗಬಹುದು. ಅದರ ತೀರ್ಮಾನವೇ ಅಂತಿಮ ಎಂದು ಕಾಯ್ದೆ ಹೇಳಿದರೂ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸುವ ಹಕ್ಕು ಉಳಿದಿರುತ್ತದೆ. ತೊಡಕು ಇರುವುದು ಕಾಲದ್ದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಆದೇಶಕ್ಕೆ ತಡೆ ಬೀಳುವುದಿಲ್ಲ. ವಿಚಾರಣೆ ಮುಗಿಯುವಷ್ಟರಲ್ಲಿ ಮೂರು ತಿಂಗಳೇ ಕಳೆದುಹೋಗಬಹುದು. ಆದ್ದರಿಂದ ಮೇಲ್ಮನವಿಯ ಜತೆಗೇ ತಡೆಯಾಜ್ಞೆ ಕೋರುವುದು ಅಗತ್ಯ. ಅದಕ್ಕಿಂತ ಮುಖ್ಯವಾಗಿ, ಆರ್‌ಟಿಒ ನೋಟಿಸಿಗೆ ಉತ್ತರಿಸದೆ ಸುಮ್ಮನಿರಬಾರದು.

ಅಮಾನತಿನ ಅವಧಿಯಲ್ಲಿ ವಾಹನ ಓಡಿಸಿದರೆ 182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಆಗ ಅಪಘಾತವಾದರೆ ವಿಮಾ ಕಂಪೆನಿ ಹೊಣೆಯಿಂದ ನುಣುಚಿಕೊಳ್ಳಲು ಕಾನೂನೇ ಅವಕಾಶ ಕೊಡುತ್ತದೆ.

ಎಫ್‌ಐಆರ್ ಬೇರೆ ಮಾತು

ಬೆಂಗಳೂರು-ಮೈಸೂರು ಹೆದ್ದಾರಿಯ ಸರಣಿ ಅಪಘಾತಗಳ ನಂತರ ರಾಜ್ಯ ಪೊಲೀಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಂಟೆಗೆ 130 ಕಿ.ಮೀ. ಮೀರಿದವರ ವಿರುದ್ಧ ಎಫ್‌ಐಆರ್ ದಾಖಲಿಸುವ ಕ್ರಮ 2024ರ ಆಗಸ್ಟ್ 1ರಿಂದ ರಾಜ್ಯದಾದ್ಯಂತ ಜಾರಿಯಾಯಿತು. ಇದು ಕ್ರಿಮಿನಲ್ ಪ್ರಕರಣ. ಇಲ್ಲಿ ಹೋರಾಟ ನಡೆಯುವುದು ನ್ಯಾಯಾಲಯದಲ್ಲಿ. ಶಿಕ್ಷೆಯ ಜತೆಗೆ ಚಾಲಕನನ್ನು ಅನರ್ಹಗೊಳಿಸುವ ಅಧಿಕಾರ 20ನೇ ಕಲಂ ಪ್ರಕಾರ ನ್ಯಾಯಾಲಯಕ್ಕೂ ಇದೆ.

ನಿಯಮ ಬಿಗಿಯಾಗಲು ಕಾರಣ ಇಲ್ಲದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗ ಕಾರಣ. ತಪ್ಪು ಮಾಡಿದವರು ಪಾರಾಗಲಿ ಎಂದು ಮೇಲ್ಮನವಿಯ ದಾರಿಯನ್ನು ಇಟ್ಟಿಲ್ಲ. ತಪ್ಪು ಅಳತೆಗೆ, ಕೇಳದೆ ಕೊಟ್ಟ ತೀರ್ಪಿಗೆ ಯಾರೊಬ್ಬರ ದುಡಿಮೆಯೂ ಬಲಿಯಾಗಬಾರದು ಎಂಬುದು ಅದರ ಉದ್ದೇಶ.