ಬಾಗಿಲ ಮೇಲಿನ ಗೀರು

ಕಾರಿನ ಮೈಮೇಲೆ ಮಿನುಗುವ ಹೊಳಪು ಒಂದೇ ಬಣ್ಣದ ಲೇಪವೆಂದು ನೋಡಿದವರು ಭಾವಿಸುವುದು ಸಹಜವಾದರೂ, ವಸ್ತುತಃ ಅದು ಉಕ್ಕಿನ ತಗಡನ್ನು ತುಕ್ಕಿನಿಂದ ಕಾಯುವ ತಳಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಎಂಬ ಪದರಗಳ ಸಮುಚ್ಚಯ. ಇವೆಲ್ಲ ಕೂಡಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನಷ್ಟು ಮಾತ್ರ, ಎಂದರೆ ಮಿಲಿಮೀಟರಿನ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಇದನ್ನರಿತವನು ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳುವ ಮುನ್ನ ಅರೆಗಳಿಗೆ ನಿಲ್ಲುವನು. ಉಜ್ಜಿ ಕಳೆದುದನ್ನು ಅದೇ ಸ್ಥಾನದಲ್ಲಿ ಅದೇ ಬಗೆಯಿಂದ ಮರಳಿ ಕೂಡಿಸುವುದು ಮನೆಯ ಅಂಗಳದಲ್ಲಿ ಸಾಧ್ಯವಾಗದು.

ಕುಂದಾಪುರದ ನಮ್ಮ ಮನೆಯ ಗೇಟಿನ ಕೆಂಪುಕಲ್ಲಿನ ಕಂಬಕ್ಕೆ ತಾಗಿ ಕಾರಿನ ಎಡಬಾಗಿಲಿನ ಮೇಲೆ ಒಂದು ಮೊಳದುದ್ದದ ಗೀರು ಬಿದ್ದಾಗ, ಗ್ಯಾರೇಜಿನವರು ಇಡೀ ಬಾಗಿಲಿಗೇ ಬಣ್ಣ ಹೊಡೆಯಬೇಕೆಂದರು. ಗನ್ನಿನಿಂದ ಸಿಂಪಡಿಸಿದ ಬಣ್ಣ ನಡುವೆ ನಿಂತರೆ ಅಂಚು ಎದ್ದು ಕಾಣುವುದಾದ್ದರಿಂದ ಅವರ ಮಾತು ನ್ಯಾಯವೇ. ವಿಮೆಯ ದಾರಿಯಿದ್ದರೂ, ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ. 20ರಿಂದ ತೊಡಗಿ ಐದು ವರ್ಷಗಳಲ್ಲಿ ಶೇ. 50ರವರೆಗೆ ಬೆಳೆಯುವ ರಿಯಾಯಿತಿಯನ್ನು ಇಷ್ಟು ಅಲ್ಪವಾದ ಗಾಯಕ್ಕಾಗಿ ಕಳೆದುಕೊಳ್ಳುವುದು ವಿವೇಕವಲ್ಲ. “ನಾವೇ ಮಾಡುವ, ಅಪ್ಪಯ್ಯ” ಎಂದಳು ಮಗಳು.

ಮೊದಲ ಪರೀಕ್ಷೆ ಉಗುರಿನದು. ಗೀರಿನ ಅಡ್ಡಕ್ಕೆ ಉಗುರನ್ನು ಎಳೆದಾಗ ಅದು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಗಾಯ ಕ್ಲಿಯರ್ ಕೋಟಿನಲ್ಲಿಯೇ ಇದೆಯೆಂದೂ, ರಬ್ಬಿಂಗ್ ಕಾಂಪೌಂಡಿನಿಂದಲೇ ಮಾಯುವುದೆಂದೂ ತಿಳಿಯಬಹುದು. ನಮ್ಮ ಗೀರು ಬಹುಭಾಗ ಅಂಥದೇ. ಒಂದು ತುದಿಯಲ್ಲಿ ಮಾತ್ರ ಬಣ್ಣ ಹಾರಿ ಲೋಹ ಇಣುಕುತ್ತಿತ್ತು. ಕಡಲತೀರದಲ್ಲಿ ವಾಸಿಸುವವರು ಉದಾಸೀನ ಮಾಡಲಾಗದುದು ಇದನ್ನೇ. ಉಪ್ಪು ಕಲೆತ ತೇವ ವಿದ್ಯುದ್ವಾಹಕವಾದುದರಿಂದ ತುಕ್ಕಿನ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಆ ತುಕ್ಕು ಕಂಡಲ್ಲಿಯೇ ನಿಲ್ಲದೆ ಸುತ್ತಲಿನ ಬಣ್ಣದ ಅಡಿಗೂ ಹರಿದು, ಅದನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತದೆ. ಗೀರನ್ನು ಅಂದದ ಪ್ರಶ್ನೆಯೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ.

ಮಳೆ ಹಿಂದೆಗೆದು ಗಾಳಿ ಒಣಗಿದ ಮೇಲೆ ಕೆಲಸಕ್ಕೆ ತೊಡಗಿದೆವು. ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಮುದ್ರಿತವಾದ ಬಣ್ಣದ ಸಂಕೇತವನ್ನು ತೋರಿಸಿ ಟಚ್‌ಅಪ್ ಬಣ್ಣ ತಂದಿದ್ದರೂ, ವರ್ಷಗಟ್ಟಲೆ ಬಿಸಿಲುಂಡ ಕಾರಿನ ಬಣ್ಣ ಡಬ್ಬಿಯ ಬಣ್ಣಕ್ಕೆ ತದ್ವತ್ತಾಗಿ ಹೊಂದದಿರಬಹುದಾದ ಕಾರಣ, ಮೊದಲು ಮರೆಯ ಜಾಗದಲ್ಲಿ ಒಂದು ಚುಕ್ಕೆಯಿಟ್ಟು ನೋಡಿದೆವು. ಲೋಹ ಕಂಡೆಡೆಯನ್ನು ಹದವಾಗಿ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣವನ್ನು ತೆಳ್ಳಗೆ, ಒಂದು ಲೇಪ ಆರಿದ ಬಳಿಕ ಇನ್ನೊಂದರಂತೆ ಮಗಳು ಸಣ್ಣ ಕುಂಚದಿಂದ ತುಂಬಿದಳು. ದಪ್ಪವಾಗಿ ಬಳಿದ ಬಣ್ಣದ ಮೇಲ್ಮೈ ಬೇಗ ಆರಿ, ಒಳಗು ಹಸಿಯಾಗಿಯೇ ಉಳಿಯುವುದರಿಂದ ಇಲ್ಲಿ ತ್ವರೆಗೆ ಎಡೆಯಿಲ್ಲ. ಗಿರಾಕಿಗಳು ಕಾದಿರುವ ಗ್ಯಾರೇಜಿಗೆ ದುರ್ಲಭವಾದ ಈ ವಿರಾಮವೇ ಮನೆಯವರ ಕೈಯಲ್ಲಿರುವ ಮುಖ್ಯ ಸಾಧನ.

ಕ್ಲಿಯರ್ ಕೋಟೂ ಗಟ್ಟಿಯಾದ ಅನಂತರ 2000 ನಂಬರಿನ ವಾಟರ್ ಪೇಪರಿನ ಕೆಲಸ. ಇದಕ್ಕೆ ಇಬ್ಬರು ಬೇಕೇ ಬೇಕು. ನಾನು ಸೋಪಿನ ನೀರನ್ನು ಸತತವಾಗಿ ಹನಿಸುತ್ತಿರಲು, ಅವಳು ಉಜ್ಜುವಳು. ನಡುನಡುವೆ ಒರೆಸಿ, ನಾನು ಪಕ್ಕಕ್ಕೆ ಬಾಗಿ ಓರೆಬೆಳಕಿನಲ್ಲಿ ಉಬ್ಬುತಗ್ಗುಗಳನ್ನು ನೋಡುವೆನು. ಉಜ್ಜುವ ಕೈಗೆ ತಾನೆಷ್ಟು ಉಜ್ಜಿದೆನೆಂಬುದು ಕಾಣದು. ಬದಿಯಲ್ಲಿ ನಿಂತ ಕಣ್ಣು “ಸಾಕು ಮಗಾ” ಎಂದೊಡನೆ ನಿಲ್ಲುವಷ್ಟು ವಿಶ್ವಾಸ ಪರಸ್ಪರ ಇರಬೇಕು. ಕಾಂಪೌಂಡ್ ತಿಕ್ಕಿ ಮೆದುಬಟ್ಟೆಯಿಂದ ಒರೆಸಿದಾಗ ಗೀರು ಹತ್ತಿರದಿಂದ ಹುಡುಕುವವರಿಗೆ ಇನ್ನೂ ಸಿಗುತ್ತಿತ್ತು. ಆದರೆ ಲೋಹ ಮುಚ್ಚಿತ್ತು.

ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ದೀಪ ಒಡೆದಿದ್ದರೆ, ಏರ್‌ಬ್ಯಾಗಿಗೆ ಸಂಬಂಧಿಸಿದ ಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಗ್ಯಾರೇಜಿಗೇ ಹೋಗತಕ್ಕದ್ದು. ಆದರೆ ಪ್ಲಾಸ್ಟಿಕ್ ಬಂಪರಿನ ಸಣ್ಣ ನೆಗ್ಗು ಬಿಸಿನೀರಿನಿಂದ ಮೆತ್ತಗಾಗಿ, ಒಳಗಿನಿಂದ ಒತ್ತಿದರೆ ಅನೇಕ ವೇಳೆ ಸ್ವಸ್ಥಾನಕ್ಕೆ ಮರಳುತ್ತದೆ; ಅತ್ತೆಯ ಕಾರಿನ ಅಂಥದೊಂದು ನೆಗ್ಗನ್ನು ಬರುವ ಭಾನುವಾರ ತಾನೇ ತೆಗೆಯುವುದಾಗಿಯೂ, ನೀರು ಕಾಯಿಸಿ ಹೊಯ್ಯುವ ಕೆಲಸ ಮಾತ್ರ ನನ್ನದೆಂದೂ ಮಗಳು ಈಗಾಗಲೇ ಗೊತ್ತುಮಾಡಿದ್ದಾಳೆ.