ಎಷ್ಟು ತಿಂಗಳು ಎಂದು ಕೇಳುವ ಮೊದಲು

ನಮ್ಮ ದೊಡ್ಡಮ್ಮನ ಪೆಟ್ ಸ್ಕ್ಯಾನ್ ವರದಿಯಲ್ಲಿ ಶ್ವಾಸಕೋಶದ ಗಡ್ಡೆಯ ಜೊತೆಗೆ ಲಿವರ್ ಮತ್ತು ಬೆನ್ನುಮೂಳೆಯ ಹೆಸರೂ ಇತ್ತು. ಮೂರು ಕಡೆ ಕ್ಯಾನ್ಸರ್ ಬಂದಿದೆಯಂತೆ ಎಂದು ಮನೆಯವರೆಲ್ಲ ಕಂಗಾಲಾದರು. ಕಾಯಿಲೆ ಒಂದೇ. ಶ್ವಾಸಕೋಶದಲ್ಲಿ ಹುಟ್ಟಿದ ಜೀವಕೋಶಗಳೇ ರಕ್ತದಲ್ಲಿ ಸಾಗಿ ಲಿವರ್‌ನಲ್ಲಿ, ಮೂಳೆಯಲ್ಲಿ ನೆಲೆಯೂರುತ್ತವೆ. ಎಲ್ಲಿ ಹೋದರೂ ಅದು ಶ್ವಾಸಕೋಶದ ಕ್ಯಾನ್ಸರೇ, ಕೊಡುವ ಔಷಧಿಯೂ ಅದರದೇ. ಹೀಗೆ ದೂರದ ಅಂಗಗಳಿಗೆ ಹರಡಿದ್ದಕ್ಕೆ ನಾಲ್ಕನೇ ಸ್ಟೇಜ್ ಎನ್ನುತ್ತಾರೆ. ‘ಆಪರೇಷನ್ ಮಾಡಿ ತೆಗೆಸಿಬಿಡೋಣ’ ಎಂದು ಅಣ್ಣ ಹಟ ಹಿಡಿದಿದ್ದ. ಇಷ್ಟು ಹರಡಿದ ಮೇಲೆ ಮೂಲದ ಗಡ್ಡೆ ಕತ್ತರಿಸಿದರೆ ಸಾಲದು, ಮೈಯೆಲ್ಲ ತಲುಪುವ ಔಷಧಿ ಬೇಕು.

ದೊಡ್ಡಮ್ಮ ಬೀಡಿ, ಸಿಗರೇಟು ಸೇದಿದವರಲ್ಲ. ಅಂಥವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ, ಇಜಿಎಫ್‌ಆರ್ ಎಂಬ ಜೀನ್‌ನ ಬದಲಾವಣೆ ಹೆಚ್ಚು. ಬಯಾಪ್ಸಿಗೆ ತೆಗೆದ ತುಣುಕಿನಲ್ಲೇ ಇದನ್ನು ಪರೀಕ್ಷಿಸಬಹುದು. ಇದ್ದರೆ ಜೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ದಿನಕ್ಕೊಂದು ಮಾತ್ರೆಯಿಂದ ಚಿಕಿತ್ಸೆ ಆರಂಭಿಸಬಹುದು. ರೋಗ ಬುಡಸಮೇತ ಹೋಗದಿದ್ದರೂ ಅನೇಕರಲ್ಲಿ ಕುಗ್ಗಿ, ಕೆಲವು ಕಾಲ ಹಿಡಿತದಲ್ಲಿರುತ್ತದೆ. ಈ ಜೀನ್ ಪರೀಕ್ಷೆಯ ವರದಿ ಬರುವವರೆಗಿನ ಕಾಯುವಿಕೆ ಮನೆಯವರಿಗೆ ನರಕ. ಆದರೂ ಕಾಯಬಹುದೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

‘ಎಷ್ಟು ತಿಂಗಳು, ಡಾಕ್ಟ್ರೇ?’ ನಾವೂ ಕೇಳಿದೆವು, ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಉತ್ತರ ಮಧ್ಯಾಂಕ: ಅಂಥ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಅದಕ್ಕಿಂತ ಕಡಿಮೆ, ಉಳಿದರ್ಧ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಎಂಬ ಲೆಕ್ಕ. ನಿಮ್ಮವರು ಯಾವ ಅರ್ಧದಲ್ಲಿದ್ದಾರೆಂದು ಅದು ಹೇಳದು. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೆಸೊಥೆಲಿಯೋಮಾ ಬಂದಾಗ ಆ ರೋಗದ ಮಧ್ಯಾಂಕ 8 ತಿಂಗಳು. ಅವರು ತೀರಿಕೊಂಡದ್ದು 2002ರಲ್ಲಿ. ಎಲ್ಲರಿಗೂ ಹಾಗೇ ಆಗುತ್ತದೆಂದು ನಂಬಿಸಲು ಇದನ್ನು ಹೇಳುತ್ತಿಲ್ಲ. ಒಂದು ಸಂಖ್ಯೆ ಕೇಳಿ ಚಿಕಿತ್ಸೆಯನ್ನೇ ಬಿಟ್ಟ ಮನೆಗಳನ್ನು ಕಂಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಈ ಚಿಕಿತ್ಸೆಯ ಗುರಿ ಏನು, ಗುಣಪಡಿಸುವುದೋ, ರೋಗವನ್ನು ತಡೆಹಿಡಿಯುವುದೋ, ನೋವು ಇಳಿಸುವುದೋ ಎಂದೂ ಕೇಳಿ. ರೋಗಿ ತಾವೇ ಎದ್ದು ಸ್ನಾನ ಮಾಡುತ್ತಾರೆಯೇ, ಹಗಲೆಲ್ಲ ಮಲಗಿರುತ್ತಾರೆಯೇ ಎಂಬುದನ್ನು ಮುಚ್ಚಿಡದೆ ತಿಳಿಸಿ. ಕೀಮೋ ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು ವೈದ್ಯರು ಅಳೆಯುವುದು ಅದರಿಂದಲೇ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಇಳಿಸುವ ಆರೈಕೆ ಎಂದರೆ ಕೈಬಿಟ್ಟರು ಎಂದೇ ನಮ್ಮಲ್ಲಿ ತಿಳಿಯುತ್ತಾರೆ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನ 151 ರೋಗಿಗಳಲ್ಲಿ ಕೆಲವರಿಗೆ ಮೊದಲಿನಿಂದಲೇ, ಕ್ಯಾನ್ಸರ್ ಚಿಕಿತ್ಸೆಯ ಜೊತೆಗೇ ಈ ಆರೈಕೆ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು. ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದು 8.9. ನೋವಿಗೆ ಕೊಡುವ ಮಾರ್ಫೀನ್‌ಗೂ ಹೆದರಬೇಡಿ, ವೈದ್ಯರು ಅಳೆದು ಕೊಟ್ಟದ್ದು ಚಟವಾಗುವುದು ಅಪರೂಪ. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಈ ಆರೈಕೆ ಉಚಿತ. ನೋವು ಹೆಚ್ಚಾಗಲಿ ಎಂದು ಕಾಯದೆ, ಚಿಕಿತ್ಸೆ ಶುರುವಾಗುವಾಗಲೇ ಪ್ಯಾಲಿಯೇಟಿವ್ ವಿಭಾಗಕ್ಕೂ ಚೀಟಿ ಬರೆಸಿಕೊಳ್ಳಿ.