ಒಂದು ಲೋಡ್ ಈರುಳ್ಳಿಗೆ ಎಷ್ಟು ಗಾಳಿ?

ಚಳ್ಳಕೆರೆಯಿಂದ ಹಿರಿಯೂರು ಮೇಲೆ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹತ್ತಿರ ಹತ್ತಿರ 200 ಕಿಲೋಮೀಟರ್. ಸಂಜೆ ಈರುಳ್ಳಿ ತುಂಬಿಕೊಂಡು ಹೊರಟ ಪಿಕಪ್ ಗಾಡಿಯ ಮೇಲೆ 1,700 ಕೆ.ಜಿ. ಇದೆ ಎನ್ನಿ. ದಾರಿಗೆ ಸುಡುವ ಡೀಸೆಲ್ 17-18 ಲೀಟರ್, ತೂಕಕ್ಕೆ ಹಾಕಿದರೆ 15 ಕೆ.ಜಿ. ಈ ಎರಡು ಲೆಕ್ಕವೂ ಡ್ರೈವರ್‌ಗೆ ಬಾಯಿಪಾಠ. ಇನ್ನೊಂದು ಸರಕು ಇದೆ. ಅದಕ್ಕೆ ಬಿಲ್ಲಿಲ್ಲ, ವೇಬ್ರಿಡ್ಜ್ ಚೀಟಿಯಿಲ್ಲ, ಯಾರೂ ಕೇಳುವುದೂ ಇಲ್ಲ. ದಾರಿಯುದ್ದಕ್ಕೂ ಎಂಜಿನ್ ಒಳಗೆಳೆದುಕೊಂಡ ಗಾಳಿ ಅದು. ಕಡಿಮೆಯೆಂದರೂ 500 ಕೆ.ಜಿ. ದಾಟುತ್ತದೆ. ಟರ್ಬೊ ಗಾಡಿ ಪೂರ್ತಿ ದಮ್ಮು ಕಟ್ಟಿ ಓಡಿದರೆ ಒಂದು ಟನ್!

ಹೊಸ ಪಿಕಪ್ ಕೊಳ್ಳುವವರು ಶೋರೂಮಿನಲ್ಲಿ ಕೇಳುವ ಪ್ರಶ್ನೆ: "ಟರ್ಬೊದು ತಗೊಳ್ಳಾದಾ, ಬ್ಯಾಡವಾ?" ಬೆಲೆ, ಕಂತು, ಮೈಲೇಜು ಎಲ್ಲ ಮಾತಿಗೆ ಬರುತ್ತವೆ, ಗಾಳಿ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಹಾರ ನಿಂತಿರುವುದೇ ಗಾಳಿಯ ಮೇಲೆ. ಡೀಸೆಲ್ ಎಷ್ಟು ಬೇಕಾದರೂ ಸಿಲಿಂಡರಿಗೆ ಚಿಮ್ಮಿಸಬಹುದು. ಅದನ್ನು ಸುಡಲು ಬೇಕಾದಷ್ಟು ಗಾಳಿ ಒಳಗೆ ತರುವುದೇ ಕಷ್ಟದ ಕೆಲಸ.

ಲೆಕ್ಕ ಹಾಕೋಣ. ನಮ್ಮ ಕಡೆ ರಸ್ತೆ ತುಂಬ ಕಾಣುವ ಬೊಲೆರೋ ಪಿಕಪ್‌ನ ಎಂಜಿನ್ 2,523 ಸಿಸಿ, ಅಂದರೆ ಎರಡೂವರೆ ಲೀಟರ್. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆದುಕೊಳ್ಳಬೇಕು. ನಿಮಿಷಕ್ಕೆ 2,000 ಸುತ್ತಿನಲ್ಲಿ ಓಡಿದರೆ ನಿಮಿಷಕ್ಕೆ 2,523 ಲೀಟರ್, ಗಂಟೆಗೆ 1,51,000 ಲೀಟರ್. ಫಿಲ್ಟರ್, ಪೈಪು, ವಾಲ್ವ್‌ಗಳ ತಡೆ ಕಳೆದು ಶೇ. 85 ಮಾತ್ರ ತುಂಬುತ್ತದೆ ಎಂದು ಹಿಡಿದರೂ 1,28,000 ಲೀಟರ್. ಬೇಸಿಗೆಯಲ್ಲಿ ಚಳ್ಳಕೆರೆಯ ಬೀದಿಗೆ ನೀರು ತರುವ 5,000 ಲೀಟರಿನ ಟ್ಯಾಂಕರ್ ಎಲ್ಲರಿಗೂ ಗೊತ್ತು. ಅಂಥ 25ಕ್ಕೂ ಹೆಚ್ಚು ಟ್ಯಾಂಕರ್ ತುಂಬ ಗಾಳಿ, ಪ್ರತಿ ಗಂಟೆಗೆ! ಇದು ಟರ್ಬೊ ಸಹಾಯ ಇಲ್ಲದೆ, ಬರೀ ಪಿಸ್ಟನ್ ಎಳೆದುಕೊಂಡಷ್ಟು.

ಇಷ್ಟೊಂದು ಏಕೆ ಬೇಕು? ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕೆ.ಜಿ. ಗಾಳಿ ಬೇಕು. ಚಳ್ಳಕೆರೆಯ ಬೇಸಿಗೆಯ ಗಾಳಿಯಲ್ಲಿ ಅದು 11,000 ಲೀಟರಿಗೂ ಮೇಲೆ. ಪುಸ್ತಕದ ಲೆಕ್ಕಕ್ಕೆ ಅಷ್ಟು ಸಾಕು, ಡೀಸೆಲ್ ಎಂಜಿನ್ನಿಗೆ ಸಾಲದು. ಪೆಟ್ರೋಲ್ ಎಂಜಿನ್ ಒಳಗೆ ಬಂದ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಕೊಳ್ಳುತ್ತದೆ. ಡೀಸೆಲ್‌ನಲ್ಲಿ ಎಣ್ಣೆಯೂ ಗಾಳಿಯೂ ಬೆರೆಯಲು ಸಿಗುವ ಹೊತ್ತು ಬಹಳ ಕಡಿಮೆ. ಗಾಳಿ ಧಾರಾಳವಾಗಿ ಮಿಗದಿದ್ದರೆ ಉರಿಯದ ಎಣ್ಣೆ ಕಪ್ಪು ಹೊಗೆಯಾಗಿ ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಹಳೆಯ ಗಾಡಿಗಳು ಏರಿನಲ್ಲಿ ಉಗುಳುವ ಹೊಗೆ ಅದೇ. ಕೊಂಡ ಡೀಸೆಲ್ ಕೆಲಸ ಮಾಡದೆ ಆಕಾಶಕ್ಕೆ ಹೋಗುವುದು.

ಈಗ ನಮ್ಮ ಊರಿನ ಗಾಳಿಯ ವಿಚಾರ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ, ಒಂದು ಘನ ಮೀಟರ್ ಗಾಳಿ 1,225 ಗ್ರಾಂ ತೂಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಕಾದಾಗ ಅದೇ ಒಂದು ಘನ ಮೀಟರ್ ಗಾಳಿ 1,055 ಗ್ರಾಂ ಮಾತ್ರ. 170 ಗ್ರಾಂ ಖೋತಾ, ಅಂದರೆ ಶೇ. 14. ವಿಮಾನ ಓಡಿಸುವವರು ಟೇಕಾಫ್‌ಗೆ ಮೊದಲು ಈ ಲೆಕ್ಕ ತಪ್ಪದೆ ಮಾಡುತ್ತಾರೆ: ಇಷ್ಟು ತೆಳು ಗಾಳಿ ಪ್ರಮಾಣಿತ ವಾತಾವರಣದಲ್ಲಿ ಯಾವ ಎತ್ತರಕ್ಕೆ ಸಮ? ಉತ್ತರ ಸುಮಾರು 1,500 ಮೀಟರ್. ನಂದಿಬೆಟ್ಟದ ನೆತ್ತಿ 1,478 ಮೀಟರ್. ನೆಲ ಮಟ್ಟಸ, ಕಣ್ಣು ಹಾಯುವವರೆಗೂ ಶೇಂಗಾ ಹೊಲ; ಅದೇ ನೆಲದಲ್ಲಿ ನಿಂತ ಎಂಜಿನ್ನಿಗೆ ಮಾತ್ರ ತಾನು ನಂದಿಬೆಟ್ಟದ ಮೇಲಿದ್ದ ಹಾಗೆ. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿ ತಳ್ಳುವುದು ವಾತಾವರಣದ ಒತ್ತಡವೊಂದೇ. ಗಾಳಿ ತೆಳುವಾದರೆ ಅದರ ಊಟವೂ ತೆಳು. ಬೇಸಿಗೆಯಲ್ಲಿ ಗಾಡಿ ಎಳೆಯುತ್ತಿಲ್ಲ ಎಂದು ಡ್ರೈವರ್ ಹೇಳಿದರೆ ಮಾಲೀಕ ನಂಬಬೇಕು.

ಈ ತೊಂದರೆಗೆ ಮದ್ದು ಕಂಡುಕೊಂಡಿದ್ದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ, 1905ರಲ್ಲಿ. ಎಂಜಿನ್ ಸುಡುವ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಬಹುದು ಎಂದ ಅವನು. ಟರ್ಬೊ ಎಂದರೆ ಇದೇ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಇದನ್ನು ಪೈಕ್ಸ್ ಪೀಕ್ ಎಂಬ 14,000 ಅಡಿಯ ಬೆಟ್ಟದ ಮೇಲೆ ಸಾಬೀತು ಮಾಡಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಲಿಬರ್ಟಿ ವಿಮಾನ ಎಂಜಿನ್ ಬೆಟ್ಟದ ಮೇಲೆ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದ ಮೇಲೆ ಅಲ್ಲೇ 356 ಕೊಟ್ಟಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿಯ ಕಾವಲಿನಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಸಂಸ್ಥೆಯ ಪರೀಕ್ಷಾ ವಿಮಾನನೆಲೆ ಇದೆ, 4,000 ಎಕರೆಗೂ ಹೆಚ್ಚು. ಅಲ್ಲಿಂದ ಎದ್ದ ತಪಸ್ ಎಂಬ ಚಾಲಕರಹಿತ ವಿಮಾನ 28,000 ಅಡಿ ಮುಟ್ಟಿ ಬಂದಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 40 ಮಾತ್ರ. ಉಸಿರಿಗೆ ಒತ್ತಾಸೆಯಿಲ್ಲದ ಪಿಸ್ಟನ್ ಎಂಜಿನ್ ಅಲ್ಲಿ ಅರ್ಧ ಶಕ್ತಿಯನ್ನೂ ಕೊಡಲಾರದು. ಆ ವಿಮಾನಕ್ಕೂ ಇದೇ ತಾಲ್ಲೂಕಿನ ತಳಕು ಊರಿನ ಹೊಲದ ಬದುವಿನಲ್ಲಿ ನಿಂತ ಪಿಕಪ್‌ಗೂ ಇರುವುದು ಒಂದೇ ಸಮಸ್ಯೆ, ಪ್ರಮಾಣ ಬೇರೆ ಅಷ್ಟೆ.

ಗ್ಯಾರೇಜಿನಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಟ್ಟ ಟರ್ಬೊವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೊರಗಿನದು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಎರಕದ ಲೋಹ. ಒಳಗೆ ಪೆನ್ಸಿಲಿನಷ್ಟು ದಪ್ಪದ ಒಂದು ಅಚ್ಚು, ಅದರ ಎರಡು ತುದಿಗೆ ಎರಡು ಪುಟ್ಟ ಚಕ್ರ. ಗಾಳಿ ಕಡೆಯದು ಬೆಳ್ಳಗಿನ ಅಲ್ಯೂಮಿನಿಯಂ, ಅಡ್ಡಳತೆ ನಾಲ್ಕೂವರೆ ಸೆಂಟಿಮೀಟರಿನ ಆಸುಪಾಸು, ಎಲೆಗಳ ಅಂಚು ಕಾಗದದಂತೆ ತೆಳು. ಹೊಗೆ ಕಡೆಯದು ಮಸಿ ಹಿಡಿದು ಕಪ್ಪಾಗಿರುತ್ತದೆ. 700 ಡಿಗ್ರಿ ಬಿಸಿಯ ಹೊಗೆ ತಿಂದ ಚಕ್ರ ಅದು. ಬೆರಳಿನಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತದೆ. ಇದೇ ಅಚ್ಚು ಗಾಡಿ ಲೋಡ್ ಎಳೆಯುವಾಗ ನಿಮಿಷಕ್ಕೆ 1,80,000 ಸುತ್ತಿನವರೆಗೂ ಹೋಗಬಲ್ಲದು. ಸೆಕೆಂಡಿಗೆ 3,000 ಸುತ್ತು. ಆಗ ಚಕ್ರದ ಅಂಚು ಓಡುವ ವೇಗ ಗಂಟೆಗೆ 1,500 ಕಿಲೋಮೀಟರ್, ಶಬ್ದಕ್ಕಿಂತ ವೇಗ. ಅಂಚಿನಲ್ಲಿರುವ ಒಂದೇ ಒಂದು ಗ್ರಾಂ ಲೋಹ ಹೊರಗೆ ಸಿಡಿಯಲು ಹಾಕುವ ಎಳೆತ 800 ಕೆ.ಜಿ. ಭಾರಕ್ಕೆ ಸಮ. ಟಾಟಾ ಏಸ್ ಗಾಡಿ ಮೊದಲು ಬಂದಾಗ ಕಂಪನಿ ಹೇಳಿದ ಪೂರ್ತಿ ಲೋಡೇ 750 ಕೆ.ಜಿ.

ಈ ಚಕ್ರ ಗಾಳಿಯನ್ನು ವಾತಾವರಣದ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ 38 ಡಿಗ್ರಿಯ ಗಾಳಿ 135 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಮತ್ತೆ ಹಿಗ್ಗಿ ಲಾಭ ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ಅದಕ್ಕೇ ಮುಂದೆ ಗಾಳಿ ತಣಿಸುವ ಇಂಟರ್‌ಕೂಲರ್ ಇಡುವುದು. 60 ಡಿಗ್ರಿಗೆ ತಂದರೆ ಒಂದೇ ಸಿಲಿಂಡರಿನಲ್ಲಿ 1.87 ಪಟ್ಟು ಗಾಳಿ ಕೂರುತ್ತದೆ. 25 ಟ್ಯಾಂಕರ್ ಎಂದೆನಲ್ಲ, ಅದು 48 ಆಗುತ್ತದೆ. ಏಪ್ರಿಲ್ ಕಿತ್ತುಕೊಂಡ ಶೇ. 14 ವಾಪಸ್ ಬಂದು, ಮೇಲೆ ಇನ್ನಷ್ಟು ಸೇರಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಟರ್ಬೊ ಇಲ್ಲದ ಗಾಡಿಯನ್ನು ಕೀಳಾಗಿ ಕಾಣುವುದು ತಪ್ಪು. 2005ರಲ್ಲಿ ಬಂದ ಟಾಟಾ ಏಸ್ ನೋಡಿ: ಎರಡೇ ಸಿಲಿಂಡರ್, 702 ಸಿಸಿ, ಟರ್ಬೊ ಇಲ್ಲ, 16 ಅಶ್ವಶಕ್ತಿ, 38 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ. ಎಷ್ಟೋ ಬೈಕುಗಳಿಗೇ ಅದಕ್ಕಿಂತ ಹೆಚ್ಚು ಅಶ್ವಶಕ್ತಿ ಇರುತ್ತದೆ. ಆ ಸಣ್ಣ ಎಂಜಿನ್ ದೇಶದ ಸಣ್ಣ ಊರುಗಳ ಸರಕು ಸಾಗಣೆಯ ರೀತಿಯನ್ನೇ ಬದಲಿಸಿತು. ಏಕೆ ಸಾಧ್ಯವಾಯಿತು? ಬಯಲುಸೀಮೆಯ ಸಮತಟ್ಟು ರಸ್ತೆ ಕೇಳುವ ಶಕ್ತಿ ಬಹಳ ಕಡಿಮೆ. ಲೋಡ್ ಸೇರಿ 3 ಟನ್ ತೂಗುವ ದೊಡ್ಡ ಪಿಕಪ್ ಗಂಟೆಗೆ 60 ಕಿಲೋಮೀಟರಿನಲ್ಲಿ ಮಟ್ಟಸ ದಾರಿಯಲ್ಲಿ ಹೋಗಲು ಚಕ್ರಕ್ಕೆ ಬೇಕಾಗುವುದು ಸುಮಾರು 18 ಅಶ್ವಶಕ್ತಿ. ಎಂಜಿನ್ನಿನ ಹೆಗ್ಗಳಿಕೆ 75ರ ಆಸುಪಾಸು! ನೂರಕ್ಕೆ ಐದರ ಏರನ್ನು 40ರ ವೇಗದಲ್ಲಿ ಹತ್ತಲು ಕೂಡ 31 ಸಾಕು.

ಹಾಗಾದರೆ ಟರ್ಬೊಗೆ ಕೊಟ್ಟ ಹಣ ಎಲ್ಲಿ ಕೆಲಸಕ್ಕೆ ಬರುತ್ತದೆ? ಕೆಳ ಸುತ್ತಿನ ಎಳೆತದಲ್ಲಿ. ಬೊಲೆರೋ ಪಿಕಪ್‌ನ 200 ಎನ್‌ಎಂ ಟಾರ್ಕ್ 1,400 ಸುತ್ತಿಗೇ ಸಿಕ್ಕಿಬಿಡುತ್ತದೆ. ಹೊಲದ ಮಣ್ಣಿನಿಂದ ಹೆದ್ದಾರಿಗೆ ಲೋಡ್ ಗಾಡಿ ಏರಿಸುವಾಗ, ಲಾರಿ ಹಿಂದೆ ಸಿಕ್ಕಿಕೊಂಡು ಮತ್ತೆ ವೇಗ ಹಿಡಿಯುವಾಗ, ಗೇರ್ ಇಳಿಸದೆ ಎಳೆಯುವುದು ಇದೇ. ಎಂಜಿನ್ ಗಾತ್ರದ ಒಂದೊಂದು ಲೀಟರಿಗೆ ಲೆಕ್ಕ ಹಾಕಿದರೆ ಹಳೆಯ ಏಸ್ 54 ಎನ್‌ಎಂ, ಬೊಲೆರೋ 79. ಏಸ್‌ನ ಲೆಕ್ಕದಲ್ಲಿ 200 ಎನ್‌ಎಂ ಬೇಕೆಂದರೆ 3.7 ಲೀಟರಿನ ಎಂಜಿನ್ ಹೊರಬೇಕಾಗುತ್ತಿತ್ತು.

ಡೀಸೆಲ್‌ನಲ್ಲಿ ಆಯ್ಕೆ ಈಗ ಕಿರಿದಾಗಿದೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಒಂದು ಟನ್ನಿಗಿಂತ ದೊಡ್ಡ ಡೀಸೆಲ್ ಪಿಕಪ್ ಎಂದರೆ ಬಹುಮಟ್ಟಿಗೆ ಟರ್ಬೊವೇ. ಟರ್ಬೊ ಬೇಡ ಎನ್ನುವವರಿಗೆ ಮುಖ್ಯವಾಗಿ ಇರುವುದು ಸಣ್ಣ ಪೆಟ್ರೋಲ್, ಸಿಎನ್‌ಜಿ ಗಾಡಿಗಳು: 694 ಸಿಸಿ, 30 ಅಶ್ವಶಕ್ತಿಯ ಏಸ್ ಪೆಟ್ರೋಲ್, 1,197 ಸಿಸಿಯ ಮಾರುತಿ ಸೂಪರ್ ಕ್ಯಾರಿ. ಮೊಳಕಾಲ್ಮೂರಿನಲ್ಲಿ ರೇಷ್ಮೆಗೂಡು, ಸೀರೆ, ಹಿಪ್ಪುನೇರಳೆ ಸೊಪ್ಪು ಸಾಗಿಸುವವರಿಗೆ, ಊರೊಳಗೆ ದಿನಕ್ಕೆ ಹತ್ತಾರು ಸಲ ನಿಲ್ಲಿಸಿ ಹೊರಡಿಸುವವರಿಗೆ ನಾನು ಇವನ್ನೇ ಹೇಳುತ್ತೇನೆ. ರೇಷ್ಮೆಗೂಡು ಒಂದೊಂದೂ ಎರಡು ಗ್ರಾಂ ತೂಗಿದರೆ ಹೆಚ್ಚು. ಗಾಡಿ ತುಂಬಿದರೂ ಭಾರವಾಗುವುದಿಲ್ಲ. ಪರಶುರಾಂಪುರ ಕಡೆಯ ಈರುಳ್ಳಿಗೆ, ಚಳ್ಳಕೆರೆ ಎಪಿಎಂಸಿಗೆ ಬರುವ ಶೇಂಗಾ ಚೀಲಕ್ಕೆ, ಬೆಂಗಳೂರು ಬಳ್ಳಾರಿ ದಾರಿಗೆ ಟರ್ಬೊ ಡೀಸೆಲ್ಲೇ ಸರಿ, ಅನುಮಾನವೇ ಬೇಡ. ಅಂದಹಾಗೆ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಲ್ಲಿ. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಚಳ್ಳಕೆರೆಯವರು ಇದನ್ನು ಮಕ್ಕಳಿಗೆ ಹೇಳಬೇಕು.

ಟರ್ಬೊ ಎಳೆತ ಹೆಚ್ಚಿಸುತ್ತದೆ, ಬ್ರೇಕನ್ನಲ್ಲ. ಗಾಡಿ 1,700 ಕೆ.ಜಿ.ಗೆಂದು ಕಟ್ಟಿದ್ದರೆ ಎಂಜಿನ್ ಎರಡೂವರೆ ಟನ್ ಎಳೆದೀತು; ನಿಲ್ಲಿಸಬೇಕಾದ ಬ್ರೇಕು, ಹೊರಬೇಕಾದ ಟೈರು ಹಳೆಯವೇ. 40ರಲ್ಲಿ ಹೋಗುವ ಗಾಡಿ 80ಕ್ಕೇರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಶೇಂಗಾ ಕೀಳುವ ಕಾಲದಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಇದೇ ಗಾಡಿಗಳ ಹಿಂದೆ ನಿಲ್ಲಿಸಿಕೊಂಡು ಹೋಗುವುದನ್ನು ನೋಡಿದಾಗ ಹೊಟ್ಟೆ ತಳಮಳಿಸುತ್ತದೆ. ದಯವಿಟ್ಟು ಬೇಡ.

ಧೂಳಿನ ಲೆಕ್ಕವೂ ಇದೆ. ಮಣ್ಣುದಾರಿಯ ಗಾಳಿಯಲ್ಲಿ ಘನ ಮೀಟರಿಗೆ ಹತ್ತು ಮಿಲಿಗ್ರಾಂ ಧೂಳಿದೆ ಎಂದುಕೊಂಡರೂ, ಗಂಟೆಗೆ 48 ಟ್ಯಾಂಕರ್ ಗಾಳಿ ಎಳೆಯುವ ಗಾಡಿಯ ಫಿಲ್ಟರ್ ಎಂಟು ಗಂಟೆಯಲ್ಲಿ 19 ಗ್ರಾಂ ಧೂಳು ಹಿಡಿಯಬೇಕು. ಫಿಲ್ಟರ್ ಹರಿದಿದ್ದರೆ ಆ ಮರಳೆಲ್ಲ ಸೆಕೆಂಡಿಗೆ 3,000 ಸುತ್ತುವ ಎಲೆಗಳಿಗೆ ಬಡಿಯುತ್ತದೆ. ಅಚ್ಚು ತೇಲುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಆಯಿಲ್ ಪಂಪ್ ಓಡುವುದು ಎಂಜಿನ್ ಓಡಿದರೆ ಮಾತ್ರ. ಲೋಡ್ ಎಳೆದು ಬಂದವರು ಗಾಡಿ ನಿಲ್ಲಿಸಿ ಒಂದು ನಿಮಿಷ ಹಾಗೇ ಆನ್ ಇಟ್ಟು, ಟರ್ಬೊ ತಣ್ಣಗಾದ ಮೇಲೆ ಕೀ ತಿರುಗಿಸಬೇಕು.

ಸೆಕೆಂಡ್‌ಹ್ಯಾಂಡ್ ಪಿಕಪ್ ಕೊಳ್ಳುವವರು ಪೇಂಟು ನೋಡುವ ಮೊದಲು, ಎಂಜಿನ್ ಆರಿ ತಣ್ಣಗಾಗಿರುವಾಗ, ಮೆಕ್ಯಾನಿಕ್ ಕೈಯಲ್ಲಿ ಟರ್ಬೊ ಬಾಯಿಯ ಪೈಪು ಬಿಚ್ಚಿಸಿ. ಬೆಳ್ಳಗಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಅಡ್ಡಕ್ಕೆ ಚೂರು ಅಲ್ಲಾಡಿದರೆ ಭಯವಿಲ್ಲ. ಹಿಂದಕ್ಕೂ ಮುಂದಕ್ಕೂ ಸರಿದರೆ, ಅಥವಾ ಎಲೆಯ ಅಂಚು ಕಚ್ಚುಕಚ್ಚಾಗಿದ್ದರೆ, ಹೊಸ ಟರ್ಬೊದ ಹಣವನ್ನು ಗಾಡಿಯ ಬೆಲೆಯಲ್ಲಿ ಕಳೆದು ಮಾತಾಡಿ.